ಎಂಆರ್‌ಸಿಪಿಗೆ ಏನ್ ಓದ್ಲಿ ಅಂತ ಕೇಳಿದ ಮಂಜುಗೆ

ಮಂಜು,

ಬ್ರಿಟನ್ನಿನ ಫಿಜಿಶಿಯನ್ ಪರೀಕ್ಷೆ ಎಂಆರ್‌ಸಿಪಿಗೆ ಓದೋಕೆ ಅಂತ ನೀನು ಕಳಿಸಿದ ಲಿಸ್ಟ್ ನೋಡ್ದೆ. ಮೂರು ಕ್ವೆಶ್ಚನ್ ಬ್ಯಾಂಕು, ಎರಡು ವಿಡಿಯೋ ಕೋರ್ಸು, ಎರಡು ದಪ್ಪ ಟೆಕ್ಸ್ಟ್‌ಬುಕ್ಕು, ಇದರ ಮೇಲೆ ಯಾರೋ ಫಾರ್ವರ್ಡ್ ಮಾಡಿದ ನಲವತ್ತು ಪಿಡಿಎಫ್ಫು. ತಾಲ್ಲೂಕು ಆಸ್ಪತ್ರೆ ಡ್ಯೂಟಿ ಮುಗಿಸಿ ಮನೆಗೆ ಬಂದು ಮಗಳನ್ನ ಮಲಗಿಸಿದ ಮೇಲೆ ನಿಂಗೆ ಸಿಗೋದು ಎರಡು ಗಂಟೆ, ಅದರಲ್ಲಿ ಇಷ್ಟೆಲ್ಲಾ ಯಾವಾಗ ಓದ್ತೀಯ ಹೇಳು.

ಮೊದ್ಲು ಆ ಪಿಡಿಎಫ್ ಫೋಲ್ಡರ್ ಡಿಲೀಟ್ ಮಾಡು. ನಾನು ಅದರಿಂದ ಪೆಟ್ಟು ತಿಂದಿದೀನಿ, ಅದಕ್ಕೇ ಹೇಳ್ತಿರೋದು. ಮೊದಲ್ನೇ ಸಲ ಪಾರ್ಟ್ ಒನ್, ಅಂದ್ರೆ ಈ ಪರೀಕ್ಷೆಯ ಮೊದಲ ಹಂತ ಬರೆದಾಗ ಸೀನಿಯರ್ಸ್ ಕಡೆಯಿಂದ ಬಂದ ಹಳೇ ಪ್ರಶ್ನೆಗಳ ಪ್ರಿಂಟೌಟ್ ಇಟ್ಕೊಂಡು ಉರು ಹೊಡೆದಿದ್ದೆ, ಅದರಲ್ಲಿ ಸಿ ಡಿಫಿಸೈಲ್ ಅನ್ನೋ ಬ್ಯಾಕ್ಟೀರಿಯಾದಿಂದ ಬರೋ ಭೇದಿಗೆ ಮೊದಲು ಮೆಟ್ರೊನಿಡಜೋಲ್ ಅಂತಿತ್ತು, ಆದ್ರೆ ಚಿಕಿತ್ಸೆ ಹೇಗಿರ್ಬೇಕು ಅಂತ ಹೇಳೋ ಬ್ರಿಟನ್ನಿನ ನೈಸ್ ಸಂಸ್ಥೆಯ ಗೈಡ್‌ಲೈನ್ 2021ರಲ್ಲೇ ಅದನ್ನ ಬಾಯಿಂದ ಕೊಡೋ ವ್ಯಾಂಕೊಮೈಸಿನ್‌ಗೆ ಬದಲಾಯಿಸಿತ್ತು. ಅಸ್ತಮಾನೂ ಅಷ್ಟೇ, 2024ರ ನವೆಂಬರ್‌ನಲ್ಲಿ ಹೊಸ ಗೈಡ್‌ಲೈನ್ ಬಂತು, ಬರೀ ಸಾಲ್ಬುಟಮಾಲ್ ಇನ್ಹೇಲರ್ ಕೊಟ್ಟು ಕಳಿಸೋ ಕಾಲ ಹೋಯ್ತು, ಈಗ ಸ್ಟೀರಾಯ್ಡ್ ಜೊತೆ ಫಾರ್ಮೊಟೆರಾಲ್ ಇರೋ ಇನ್ಹೇಲರನ್ನೇ ಬೇಕಾದಾಗ ಎಳೀಬೇಕು. ಪಾಸಾಗೋಕೆ ಅವರ ಸ್ಕೇಲ್ ಮಾಡಿದ ಅಂಕದಲ್ಲಿ 540 ಬೇಕಿತ್ತು, ನಂಗೆ ಬಂದಿದ್ದು 512. ಆ ರಿಸಲ್ಟ್ ಬಂದ ರಾತ್ರಿ ಊಟ ಸೇರ್ಲಿಲ್ಲ ಕಣೋ.

ಆಮೇಲೆ ಕೂತು ಯೋಚ್ನೆ ಮಾಡಿದಾಗ ಒಂದು ವಿಷಯ ಹೊಳೀತು, ನಿಂಗೆ ಮುಖ್ಯವಾಗಿ ಹೇಳ್ಬೇಕಾಗಿರೋದೂ ಅದನ್ನೇ. ನಂಗೆ ಮೆಡಿಸಿನ್ ಗೊತ್ತಿಲ್ದೆ ಹೋಗಿದ್ದಲ್ಲ, ಅವರ ಊರಿನ ಮೆಡಿಸಿನ್ ಗೊತ್ತಿರ್ಲಿಲ್ಲ. ಒಂದು ಪ್ರಾಕ್ಟೀಸ್ ಪ್ರಶ್ನೆ ಇವತ್ತಿಗೂ ನೆನಪಿದೆ: ಮೂವತ್ತರ ಆಸುಪಾಸಿನವನು, ಒಣ ಕೆಮ್ಮು, ಮೊಣಕಾಲ ಕೆಳಗೆ ಮುಟ್ಟಿದ್ರೆ ನೋಯೋ ಕೆಂಪು ಗಂಟುಗಳು, ಎಕ್ಸ್‌ರೇಲಿ ಎರಡೂ ಕಡೆ ಹೈಲಂ (ಶ್ವಾಸಕೋಶದ ಬುಡ) ದಪ್ಪ, ಕ್ಯಾಲ್ಸಿಯಂ 2.9. ನಾನು ಕಣ್ಣು ಮುಚ್ಚಿ ಟಿಬಿ ಅಂದೆ. ನಮ್ಮ ವಾರ್ಡಲ್ಲಿ ನೀನೂ ಅದನ್ನೇ ಅಂತಿದ್ದೆ, ತಪ್ಪೇನಲ್ಲ. ಆ 2.9 ನೋಡಿ ಕ್ಯಾಲ್ಸಿಯಂ ತುಂಬಾ ಕಮ್ಮಿ ಅಂತ ಬೇರೆ ಅಂದ್ಕೊಂಡೆ, ಆದ್ರೆ ಅದು ಮಿಲಿಮೋಲ್‌ನಲ್ಲಿರೋದು, ನಮ್ಮ ಮಿಲಿಗ್ರಾಂ ಲೆಕ್ಕಕ್ಕೆ ಹನ್ನೊಂದೂವರೆ ಚಿಲ್ಲರೆ, ಅಂದ್ರೆ ಜಾಸ್ತಿ. ಉತ್ತರ ಸಾರ್ಕಾಯ್ಡೋಸಿಸ್, ಮೈಯೊಳಗೆ ಗ್ರ್ಯಾನುಲೋಮಾ ಅನ್ನೋ ಉರಿಯೂತದ ಪುಟ್ಟ ಗಂಟುಗಳಾಗೋ ಕಾಯಿಲೆ. ಅವತ್ತು ನೋಟ್‌ಬುಕ್ಕಲ್ಲಿ ಬರ್ಕೊಂಡೆ, "ಗ್ರ್ಯಾನುಲೋಮಾನೇ ವಿಟಮಿನ್ ಡಿ ಆಕ್ಟಿವೇಟ್ ಮಾಡುತ್ತೆ, ಅದಕ್ಕೇ ಕ್ಯಾಲ್ಸಿಯಂ ಏರುತ್ತೆ" ಅಂತ. ಆ ಸಾಲು ಮತ್ತೆ ಮರ್ತಿಲ್ಲ.

ಅದಕ್ಕೇ ಅಮೆರಿಕದ ಕ್ವೆಶ್ಚನ್ ಬ್ಯಾಂಕ್ ಎಷ್ಟೇ ಚೆನ್ನಾಗಿದ್ರೂ ಈ ಪರೀಕ್ಷೆಗೆ ಬೇಡ, ಅದರ ಯೂನಿಟ್ಟೂ ಬೇರೆ, ಔಷಧಿ ಹೆಸರೂ ಬೇರೆ, ಗೈಡ್‌ಲೈನೂ ಬೇರೆ. ಪಾಸ್‌ಮೆಡಿಸಿನ್ ಅನ್ನೋ ಬ್ರಿಟನ್ನಿನ ಕ್ವೆಶ್ಚನ್ ಬ್ಯಾಂಕ್ ತಗೋ. ಖರ್ಚು ಕಮ್ಮಿ, ಪ್ರತಿ ಪ್ರಶ್ನೆ ಕೆಳಗೆ ಆ ವಿಷಯದ ಚಿಕ್ಕ ನೋಟ್ಸ್ ಇರುತ್ತೆ, ಅದೇ ನಿನ್ನ ಟೆಕ್ಸ್ಟ್‌ಬುಕ್ಕು ಅಂತಿಟ್ಕೋ. ಒಂದು ಸಲ ಪೂರ್ತಿ ಮುಗಿಸು, ತಪ್ಪಾಗಿರೋದನ್ನ ಇನ್ನೊಂದ್ಸಲ ಮಾಡು. ಅದಾದ ಮೇಲೆ ಟೈಮ್ ಉಳಿದ್ರೆ ಕೊನೇ ಆರು ವಾರಕ್ಕೆ ಪಾಸ್‌ಟೆಸ್ಟ್ ಅನ್ನೋ ಇನ್ನೊಂದು ಬ್ಯಾಂಕ್, ನಂಗೆ ಅದರ ಪ್ರಶ್ನೆಗಳು ಸ್ವಲ್ಪ ಗಟ್ಟಿ ಅನ್ಸಿದ್ವು, ಆದ್ರೆ ಮೊದಲ್ನೇದು ಅರ್ಧಕ್ಕೆ ಬಿಟ್ಟು ಇದಕ್ಕೆ ಹಾರ್ಬೇಡ. ವಿಡಿಯೋ ಕೋರ್ಸ್ ಎರಡೂ ಬಿಡು. ದಪ್ಪ ಪುಸ್ತಕಗಳು ಶೆಲ್ಫಲ್ಲೇ ಇರ್ಲಿ, ಅನುಮಾನ ಬಂದಾಗ ತೆಗೆದು ನೋಡಿದ್ರೆ ಸಾಕು.

ಒಂದಕ್ಕೆ ಮಾತ್ರ ಬೇರೆ ಓದು ಬೇಕು, ಕ್ಲಿನಿಕಲ್ ಸೈನ್ಸಸ್. 200 ಪ್ರಶ್ನೇಲಿ ಹತ್ತತ್ರ 25 ಅಲ್ಲಿಂದಾನೇ ಬರುತ್ತೆ, ಇಮ್ಯುನಾಲಜಿ, ಜೆನೆಟಿಕ್ಸ್, ಸ್ಟಾಟಿಸ್ಟಿಕ್ಸ್, ಫಿಸಿಯಾಲಜಿ ಎಲ್ಲಾ ಸೇರಿ. ಎಂಬಿಬಿಎಸ್ ಎರಡನೇ ವರ್ಷದಲ್ಲೇ ಮರ್ತ ಸಬ್ಜೆಕ್ಟುಗಳು ಅಂತ ಎಲ್ರೂ ಕೊನೇಗಿಡ್ತಾರೆ, ನೀನು ಅದನ್ನೇ ಮೊದಲು ಮಾಡು, ಯಾಕಂದ್ರೆ ಈ ಮಾರ್ಕ್ಸು ಗೈಡ್‌ಲೈನ್ ಬದಲಾದ್ರೂ ಬದಲಾಗಲ್ಲ. ಸ್ಟಾಟಿಸ್ಟಿಕ್ಸ್‌ದೇ ಒಂದು ಉದಾಹರಣೆ ನೋಡು: ಔಷಧಿ ತಗೊಂಡೋರಲ್ಲಿ 100ಕ್ಕೆ 6 ಜನಕ್ಕೆ ಹಾರ್ಟ್ ಅಟ್ಯಾಕು, ತಗೊಳ್ದೋರಲ್ಲಿ 10 ಜನಕ್ಕೆ, ವ್ಯತ್ಯಾಸ 4, ನೂರನ್ನ ನಾಲ್ಕರಿಂದ ಭಾಗಿಸಿದ್ರೆ 25, ಅಂದ್ರೆ ಒಬ್ಬನಿಗೆ ತಪ್ಪಿಸೋಕೆ 25 ಜನಕ್ಕೆ ಔಷಧಿ ಕೊಡ್ಬೇಕು. ಇಷ್ಟೇ ಲೆಕ್ಕ, ಇದಕ್ಕೆ ನಾನು ಮೊದಲ ಸಲ ಹೆದರಿ ಪುಟ ತಿರುಗಿಸಿಬಿಟ್ಟಿದ್ದೆ.

ಇನ್ನೊಂದು, ಬ್ರಿಟನ್ನಿನ ಡ್ರೈವಿಂಗ್ ರೂಲ್ಸ್. ಕಾರಣ ಸಿಗದೆ ಮೊದಲ ಸಲ ಫಿಟ್ಸ್ ಬಂದ್ರೆ ಅಲ್ಲಿ ಕನಿಷ್ಠ ಆರು ತಿಂಗಳು ಗಾಡಿ ಓಡಿಸೋ ಹಾಗಿಲ್ಲ, ಎಪಿಲೆಪ್ಸಿ ಅಂತ ಆದ್ರೆ ಒಂದು ವರ್ಷ ಫಿಟ್ಸ್ ಇಲ್ಲದೆ ಕಳೀಬೇಕು. ಮೊದಲು ಇದನ್ನ ಬರೀ ಮಾರ್ಕ್ಸಿಗೆ ಅಂತ ಓದ್ದೆ. ಆಮೇಲೆ ನಮ್ಮ ಕ್ಯಾಶುವಾಲ್ಟಿಗೆ ಫಿಟ್ಸ್ ಅಂತ ಬಂದು ಮಾರನೇ ದಿನ ಬೈಕ್ ಹತ್ತಿ ಹೋದ ಹುಡುಗರೆಲ್ಲ ನೆನಪಾದ್ರು, ಒಬ್ಬನಿಗೂ ನಾನು ಈ ಮಾತು ಹೇಳಿರ್ಲಿಲ್ಲ. ಈಗ ಹೇಳ್ತೀನಿ, ನೀನೂ ಹೇಳು.

ಪರೀಕ್ಷೆ ದಿನ ಎರಡು ಪೇಪರು, ಒಂದೊಂದು ಮೂರು ಗಂಟೆ, ನೂರು ನೂರು ಪ್ರಶ್ನೆ. ನೆಗೆಟಿವ್ ಮಾರ್ಕಿಂಗ್ ಇಲ್ಲ, ಒಂದೂ ಖಾಲಿ ಬಿಡ್ಬೇಡ. ಕೊನೇ ತಿಂಗಳು ಎರಡು ಭಾನುವಾರ ಮಗಳನ್ನ ಅಜ್ಜಿ ಮನೇಲಿ ಬಿಟ್ಟು ಪೂರ್ತಿ ಆರು ಗಂಟೆ ಕೂತು ಬರೀ, ಎರಡನೇ ಪೇಪರಲ್ಲಿ ಎಂಬತ್ತನೇ ಪ್ರಶ್ನೆ ಹೊತ್ತಿಗೆ ತಲೆ ಹೇಗಾಗುತ್ತೆ ಅಂತ ಆಗಲೇ ಗೊತ್ತಾಗೋದು.

ಸ್ಟಾಟಿಸ್ಟಿಕ್ಸ್ ಮಾತ್ರ ಒಬ್ಬನೇ ಓದ್ಬೇಡ. ಶನಿವಾರ ರಾತ್ರಿ ಒಂಬತ್ತೂವರೆಗೆ ವಿಡಿಯೋ ಕಾಲ್ ಮಾಡು, ಪೆನ್ನು ಪೇಪರ್ ಇಟ್ಕೊಂಡಿರ್ತೀನಿ.

ನಿನ್ನ,
ಸುರೇಶ