ಪಟ್ಟಿಯಲ್ಲಿ ಇಲ್ಲದ ಹೆಸರು

ಲೋ ಮಾರಾಯ,

ಫೋನ್ ಮಾಡಬಹುದಿತ್ತು. ಆದರೆ ಫೋನಲ್ಲಿ ನಾವಿಬ್ಬರೂ ಮಳೆ, ಮಕ್ಕಳ ಸ್ಕೂಲ್ ಫೀಸು ಅಂತ ಮಾತಾಡಿ ಇಟ್ಟುಬಿಡುತ್ತೇವೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಹಾಸ್ಟೆಲ್‌ನವರೂ ಓದಲಿ.

ಭಾನುವಾರ ರಾತ್ರಿ ಮತ್ತೆ ‘ಸ್ಟಾಪ್ ಮೇಕಿಂಗ್ ಸೆನ್ಸ್’ ಸಿನಿಮಾ ನೋಡಿದೆ. 1983ರ ಡಿಸೆಂಬರ್‌ನಲ್ಲಿ ಟಾಕಿಂಗ್ ಹೆಡ್ಸ್ ಬ್ಯಾಂಡ್ ಹಾಲಿವುಡ್‌ನಲ್ಲಿ ನುಡಿಸಿದ್ದು. ಶುರು ನೆನಪಿದೆ ಅಲ್ವಾ? ಖಾಲಿ ವೇದಿಕೆ. ಬಿಳಿ ಶೂ. ಡೇವಿಡ್ ಬರ್ನ್ ಒಬ್ಬನೇ ಬಂದು ಟೇಪ್ ರೆಕಾರ್ಡರ್ ನೆಲಕ್ಕಿಟ್ಟು ಗಿಟಾರ್ ಬಾರಿಸುತ್ತಾನೆ. ಎರಡನೇ ಹಾಡಿಗೆ ಬೇಸ್ ಗಿಟಾರ್ ಹಿಡಿದು ಟೀನಾ ವೇಮತ್. ಆಮೇಲೆ ಕ್ರಿಸ್ ಫ್ರಾಂಟ್ಸ್‌ನ ಡ್ರಮ್ಸ್ ತಳ್ಳಿಕೊಂಡು ಬರುತ್ತಾರೆ. ಆಮೇಲೆ ಜೆರಿ ಹ್ಯಾರಿಸನ್. ಒಬ್ಬೊಬ್ಬರೇ ಸೇರಿ ವೇದಿಕೆ ತುಂಬುತ್ತದೆ. ಆವತ್ತು ನಾವು ಕುಣಿದ ಕುಣಿತಕ್ಕೆ ವಾರ್ಡನ್ ಬಂದು... ಬೇಡ, ಬೆಡ್‌ಶೀಟ್ ಕತೆ ಇಲ್ಲಿ ಬೇಡ.

ಈ ಸಲ ಕುಣಿಯೋಕೆ ಆಗಲಿಲ್ಲ. ಬರ್ನ್, ಕ್ರಿಸ್, ಟೀನಾ ಆರ್ಟ್ ಸ್ಕೂಲ್ ದಿನಗಳ ಗೆಳೆಯರು. ನ್ಯೂಯಾರ್ಕ್‌ನಲ್ಲಿ ಒಂದೇ ಬಾಡಿಗೆ ಜಾಗದಲ್ಲಿ ಇದ್ದರು. ಬೇಸ್ ನುಡಿಸುವವರು ಸಿಗಲಿಲ್ಲ ಅಂತ ಟೀನಾ ತಾನೇ ಕಲಿತಳು. 1975ರಲ್ಲಿ ಸಿಬಿಜಿಬಿ ಕ್ಲಬ್ಬಿನಲ್ಲಿ ರಾಮೋನ್ಸ್ ಬ್ಯಾಂಡಿಗಿಂತ ಮುಂಚೆ ನುಡಿಸಿದರು. ಐದೇ ವರ್ಷದಲ್ಲಿ ‘ರಿಮೇನ್ ಇನ್ ಲೈಟ್’ ಆಲ್ಬಂ. ನೈಜೀರಿಯಾದ ಫೆಲಾ ಕುಟಿಯ ಆಫ್ರೋಬೀಟ್ ಸಂಗೀತ ಕೇಳಿ ಕೇಳಿ ಮಾಡಿದ್ದು. ಒಬ್ಬೊಬ್ಬರ ಸಣ್ಣ ಸಣ್ಣ ತುಣುಕು ಒಂದರ ಮೇಲೊಂದು ಕೂತು ಹಾಡಾಗುತ್ತದೆ. ಅದರಷ್ಟು ಒಳ್ಳೆಯ ಆಲ್ಬಂ ಆ ಕಾಲದಲ್ಲಿ ಇನ್ನೊಂದಿಲ್ಲ ಅಂತ ಈಗಲೂ ಹೇಳುತ್ತೇನೆ. ರೇಡಿಯೋಹೆಡ್ ಬ್ಯಾಂಡ್ ತನ್ನ ಹೆಸರು ತೆಗೆದುಕೊಂಡಿದ್ದೂ ಇವರ ಹಾಡಿನಿಂದಲೇ.

ಅಂಥ ಬ್ಯಾಂಡ್ ಮುಗಿಯಿತು ಅಂತ 1991ರಲ್ಲಿ ಬರ್ನ್ ಪತ್ರಿಕೆಗೆ ಹೇಳಿದ. ಕ್ರಿಸ್‌ಗೆ, ಟೀನಾಗೆ ಗೊತ್ತಾಗಿದ್ದು ಪೇಪರ್ ಓದಿ.

ನಿನಗೂ ಹಾಗೇ ಅಲ್ವೇನೋ ಗೊತ್ತಾಗಿದ್ದು? ನೀನು ನೋಟಿಸ್ ಬೋರ್ಡ್ ಮುಂದೆ ನಿಂತು ಕಾಲೇಜ್ ಡೇ ಪಟ್ಟಿಯಲ್ಲಿ ನಮ್ಮ ಬ್ಯಾಂಡಿನ ಹೆಸರು ಹುಡುಕಿದೆ. ಮೇಲಿಂದ ಕೆಳಗೆ ಎರಡು ಸಲ ಬೆರಳಾಡಿಸಿದೆ. ನಾನು ಹಿಂದೆಯೇ ಇದ್ದೆ. ಪರೀಕ್ಷೆ ಹತ್ತಿರ ಬಂತಲ್ಲ ಅಂದೆ. ಪರೀಕ್ಷೆ ಅಲ್ಲ ಕಣೋ. ನಾನೇ ಹಿಂದಿನ ದಿನ ಹೋಗಿ ಹೆಸರು ತೆಗೆಸಿದ್ದೆ. ಅದರ ಹಿಂದಿನ ವರ್ಷ ಚಪ್ಪಾಳೆ ಎಲ್ಲ ನಿನ್ನ ಬೇಸ್‌ಗೆ ಬಿದ್ದಿತ್ತು. ಹಾಡಿದವನು ನಾನು. ನನಗೆ ತಡೆದುಕೊಳ್ಳೋಕೆ ಆಗಲಿಲ್ಲ.

ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ. ಬರೆದಾಯಿತು, ಅಳಿಸೋದಿಲ್ಲ. ತಪ್ಪು ನನ್ನದು.

2002ರಲ್ಲಿ ಟಾಕಿಂಗ್ ಹೆಡ್ಸ್‌ಗೆ ಸನ್ಮಾನವಾದಾಗ ಆ ನಾಲ್ವರೂ ಒಮ್ಮೆ ಒಟ್ಟಿಗೆ ನುಡಿಸಿದರು. 2023ರಲ್ಲಿ ಇದೇ ಸಿನಿಮಾ ಮತ್ತೆ ತೆರೆಗೆ ಬಂದಾಗ ಟೊರಾಂಟೊದಲ್ಲಿ ಅಕ್ಕಪಕ್ಕ ಕೂತು ಮಾತಾಡಿದರು. ಎಲ್ಲರ ತಲೆಗೂದಲು ಬೆಳ್ಳಗಾಗುವಷ್ಟು ಕಾಲ ಬೇಕಾಯಿತು. ನಮಗಿನ್ನೂ ಅಷ್ಟಾಗಿಲ್ಲ.

ಸರಿ, ಬೇರೆ ಮಾತು. ನೀನು ನನ್ನ ರೂಮಲ್ಲಿ ಬಿಟ್ಟುಹೋದ ಬೇಸ್ ನಮ್ಮ ಅಟ್ಟದಲ್ಲೇ ಇದೆ. ತಂತಿ ತುಕ್ಕು ಹಿಡಿದಿದೆ. ಬೆಲ್ಟ್ ಕಿತ್ತಾಗ ಹಳೇ ಲುಂಗಿ ಹರಿದು ನೀನು ಹಾಕಿದ ಗಂಟು ಹಾಗೇ ಇದೆ, ನಾನು ಬಿಚ್ಚಿಲ್ಲ. ದಸರಾ ರಜಕ್ಕೆ ಊರಿಗೆ ಬರ್ತೀಯಲ್ಲ? ಹೊಸ ತಂತಿ ತರಿಸಿರುತ್ತೇನೆ. ಮಂಡಕ್ಕಿ ನನ್ನ ಖರ್ಚು. ಮೂರನೇ ಪ್ಲೇಟಿನ ಲೆಕ್ಕ ಮಾತ್ರ ನೀನೇ ಹೇಳಬೇಕು.