ಶಾರ್ಟ್‌ಕಟ್ ಜೊತೆ ಷರತ್ತೂ ಇರಲಿ

ಮಾನ್ಯ ಸಂಪಾದಕರೇ,

ಸಿಇಟಿ ಹತ್ತಿರ ಬಂತೆಂದರೆ ಮುಂಬಯಿಯ ಜೂನಿಯರ್ ಕಾಲೇಜು ಮಕ್ಕಳ ಮೊಬೈಲುಗಳಲ್ಲಿ ಸೂತ್ರಗಳ ಪಟ್ಟಿ ಹರಿದಾಡತೊಡಗುತ್ತದೆ. ತ್ರಿಕೋನಮಿತಿಯ ಗರಿಷ್ಠ-ಕನಿಷ್ಠ ಬೆಲೆಗಳಿಗೆ ಅದರಲ್ಲಿ ಖಾಯಂ ಜಾಗ. ಸೂತ್ರಗಳೇನೋ ಸರಿ, ಅವು ಯಾವಾಗ ನಡೆಯುತ್ತವೆ ಎಂಬ ಸಾಲನ್ನು ಮಾತ್ರ ಕತ್ತರಿಸಿರುತ್ತಾರೆ.

3 ಸೈನ್ ಥೀಟಾ + 4 ಕಾಸ್ ಥೀಟಾ ತೆಗೆದುಕೊಳ್ಳಿ. ಗರಿಷ್ಠ 7 ಎನ್ನುವವರು ಈಗಲೂ ಇದ್ದಾರೆ. ಸೈನ್, ಕಾಸ್ ಎರಡೂ ಒಟ್ಟಿಗೆ 1 ಆಗುವ ಕೋನವೇ ಇಲ್ಲ. ಗುಣಕಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 5, ಬೆಲೆ −5ರಿಂದ 5ರವರೆಗೆ. ಇಷ್ಟು ಪಟ್ಟಿಯಲ್ಲಿದೆ. ಆದರೆ ಥೀಟಾ 0ಯಿಂದ 90 ಡಿಗ್ರಿಯೊಳಗೆ ಎಂದು ಪ್ರಶ್ನೆಯಲ್ಲಿದ್ದರೆ −5 ಬರುವುದೇ ಇಲ್ಲ. ತುದಿಗಳನ್ನು ನೋಡಬೇಕು: 0ಯಲ್ಲಿ 4, 90ರಲ್ಲಿ 3. ಹಾಗಾಗಿ ಕನಿಷ್ಠ 3. ಗರಿಷ್ಠ ಮಾತ್ರ 5ರಲ್ಲೇ ಉಳಿಯುತ್ತದೆ, ಏಕೆಂದರೆ ಅದು ಸಿಗುವ ಕೋನ (ಟ್ಯಾನ್ ಬೆಲೆ 3/4, ಸುಮಾರು 36.9 ಡಿಗ್ರಿ) ಆ ವ್ಯಾಪ್ತಿಯೊಳಗೇ ಇದೆ.

ಹೆಚ್ಚು ಮಕ್ಕಳು ಎಡವುವುದು ಸಮಾಂತರ-ಗುಣೋತ್ತರ ಮಾಧ್ಯದ ಸೂತ್ರದಲ್ಲಿ: ಎರಡು ಧನ ಪದಗಳ ಮೊತ್ತ, ಅವುಗಳ ಗುಣಲಬ್ಧದ ವರ್ಗಮೂಲದ ಎರಡರಷ್ಟಕ್ಕಿಂತ ಕಡಿಮೆಯಾಗದು. 4 ಸೈನ್² + 9 ಕೊಸೆಕ್²ರ (ಕೊಸೆಕ್ ಎಂದರೆ 1/ಸೈನ್) ಕನಿಷ್ಠ ಎಷ್ಟು ಎಂದ ಕೂಡಲೇ 2√36 ಬರೆದು 12 ಗುರುತು ಹಾಕುತ್ತಾರೆ. ಪ್ರಶ್ನೆ ತೆಗೆಯುವವರಿಗೂ ಇದು ಗೊತ್ತು, ಆಯ್ಕೆಗಳಲ್ಲಿ 12 ಇದ್ದೇ ಇರುತ್ತದೆ! 12 ಸಿಗಬೇಕಾದರೆ ಎರಡು ಪದಗಳೂ ಸಮವಾಗಬೇಕು, ಅಂದರೆ ಸೈನ್² 3/2 ಆಗಬೇಕು. ಅದು 1ನ್ನು ದಾಟುವಂತಿಲ್ಲ. ಸೈನ್² 1ರತ್ತ ಏರಿದಷ್ಟೂ ಮೊತ್ತ ಇಳಿಯುತ್ತದೆ; 1 ಆದಾಗ 4 + 9 = 13. ಸರಿಯುತ್ತರ ಇದೇ. ಗುಣಕಗಳನ್ನು ಅದಲುಬದಲು ಮಾಡಿ 9 ಸೈನ್² + 4 ಕೊಸೆಕ್² ಎಂದರೆ ಸೈನ್² 2/3 ಆಗುತ್ತದೆ, ಅಲ್ಲಿ 12 ಸರಿ. ಟ್ಯಾನ್²-ಕಾಟ್² ಜೋಡಿಗೆ ಈ ತೊಡಕಿಲ್ಲ, ಟ್ಯಾನ್‌ಗೆ ಮೇಲ್ಮಿತಿಯೇ ಇಲ್ಲವಲ್ಲ. 4 ಸೆಕ್² + 9 ಕೊಸೆಕ್² ಬಂದರೆ ನೇರ ಸೂತ್ರ ಬೇಡ, ಗುಣಲಬ್ಧ ಸ್ಥಿರವಲ್ಲ. 13 + 4 ಟ್ಯಾನ್² + 9 ಕಾಟ್² ಎಂದು ಬಿಡಿಸಿದರೆ ಕನಿಷ್ಠ 25.

ವರ್ಗಸಮೀಕರಣದ ರೂಪದಲ್ಲೂ ಇದೇ ಕಥೆ. ಸೈನ್² + 3 ಸೈನ್ + 4ಕ್ಕೆ ವರ್ಗ ಪೂರ್ಣಗೊಳಿಸಿ 7/4 ಎನ್ನುತ್ತಾರೆ. ಅದಕ್ಕೆ ಸೈನ್ −3/2 ಆಗಬೇಕು. −1ರಲ್ಲಿ ಸಿಗುವ 2 ಕನಿಷ್ಠ, 1ರಲ್ಲಿ ಸಿಗುವ 8 ಗರಿಷ್ಠ.

ತಮ್ಮ ಶಿಕ್ಷಣ ಪುಟದಲ್ಲಿ ಇಂಥ ಸೂತ್ರಗಳು ಅಚ್ಚಾಗುವಾಗ, ಆ ಬೆಲೆ ಯಾವ ಕೋನದಲ್ಲಿ ಸಿಗುತ್ತದೆ ಎಂಬ ಒಂದು ಸಾಲನ್ನೂ ಪಕ್ಕದಲ್ಲೇ ಕೊಡಬೇಕೆಂದು ವಿನಂತಿ.

— ಕೆಲವು ಗಣಿತ ಶಿಕ್ಷಕರು, ಡೊಂಬಿವಲಿ