ಅಳಿವೆ ದಾಟುವ ಹೊತ್ತು

ಇಪ್ಸ್ವಿಚ್, ಇಂಗ್ಲೆಂಡ್

ಅಪ್ಪನಿಗೂ ಅಮ್ಮನಿಗೂ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ಹಾಯಿದೋಣಿ ಅಂದ ಕೂಡಲೇ ಅಮ್ಮ ಗಾಬರಿಯಾದಳು. ಅಪ್ಪ, ನೀವು "ಸಮುದ್ರದಿಂದ ನದಿಯೊಳಗೆ ಹೋಗೋಕೆ ಯಾಕಪ್ಪ ಅಷ್ಟು ಲೆಕ್ಕಾಚಾರ?" ಅಂತ ಕೇಳಿದಿರಿ. ಕೊಟ್ಟಿಗೆಹಾರದ ಮಳೆಗೆ ಲೈನ್ ಕಟ್ಟಾಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಮ್ಮನಿಗೆ ನಿಧಾನವಾಗಿ ಓದಿ ಹೇಳಿ.

ದೋಣಿ ನಮ್ಮ ಆಫೀಸಿನ ಹಿರಿಯರೊಬ್ಬರದು. ನಾವು ಹೋಗುವುದು ಡೆಬೆನ್ ಅನ್ನುವ ನದಿಗೆ. ಅದರ ಬಾಯಲ್ಲಿ ಒಂದು ದಡಕ್ಕೆ ಫೆಲಿಕ್ಸ್‌ಸ್ಟೋ ಫೆರಿ, ಇನ್ನೊಂದು ದಡಕ್ಕೆ ಬಾಡ್ಸಿ. ಎರಡನೇ ಮಹಾಯುದ್ಧಕ್ಕೆ ಮುಂಚೆ ರಾಡಾರ್ ಕೆಲಸ ನಡೆದದ್ದು ಈ ಬಾಡ್ಸಿಯಲ್ಲೇ. ಒಳಗೆ ಹೋದರೆ ನದಿ ತುಂಬಾ ಶಾಂತ. ಕಷ್ಟ ಇರುವುದು ಅಳಿವೆ ಬಾಗಿಲಿನಲ್ಲಿ. ಹೊರಗಡೆ ನೀರಿನಡಿ ಕಲ್ಲುಹರಳಿನ ದಿಬ್ಬಗಳಿವೆ. ಪೂರ್ತಿ ಇಳಿತದಲ್ಲಿ ಕೆಲವು ಕಡೆ ಒಂದು ಮೀಟರ್ ನೀರೂ ಇರುವುದಿಲ್ಲ.

ಆ ದಿಬ್ಬ ಹೇಗೆ ಬಂತು ಅಂತ ನಿಮಗೆ ಬೇಗ ಗೊತ್ತಾಗುತ್ತದೆ. ಇಲ್ಲಿ ಅಲೆಗಳು ಈಶಾನ್ಯದಿಂದ ಓರೆಯಾಗಿ ಬಡಿಯುವುದು ಜಾಸ್ತಿ. ಕರಾವಳಿಯ ಹರಳೆಲ್ಲ ದಕ್ಷಿಣಕ್ಕೆ ಸರಿಯುತ್ತಾ ಬರುತ್ತದೆ. ಇಲ್ಲಿಂದ ಸ್ವಲ್ಪ ಉತ್ತರಕ್ಕೆ ಆರ್ಫರ್ಡ್ ನೆಸ್ ಅಂತ ಇದೆ. ಹೀಗೆ ಸರಿದು ಬಂದ ಹರಳಿನಿಂದಲೇ ಸುಮಾರು 16 ಕಿಲೋಮೀಟರ್ ಉದ್ದದ ನೆಲ ಎದ್ದುಬಿಟ್ಟಿದೆ. ಡೆಬೆನ್ ಬಾಯಿಗೆ ಬಂದ ಹರಳನ್ನು ಇಳಿತದ ನೀರು ಜೋರಾಗಿ ಹೊರಗೆ ತಳ್ಳುತ್ತದೆ. ಹೊರಗೆ ಬಂದ ನೀರಿಗೆ ಅಗಲ ಸಿಕ್ಕಿ ರಭಸ ಕಳೆಯುತ್ತದೆ, ಹರಳು ಅಲ್ಲೇ ಬೀಳುತ್ತದೆ. ನಮ್ಮ ಗದ್ದೆಯ ತೂಬು ದಾಟಿದ ಮೇಲೆ ಹೂಳು ಕೂರುತ್ತದಲ್ಲ, ಹಾಗೇ. ಒಂದು ದೊಡ್ಡ ಬಿರುಗಾಳಿ ಬಂದರೆ ದಿಬ್ಬ ಜಾಗ ಬದಲಾಯಿಸುತ್ತದೆ, ದಾರಿಯೂ ಬದಲಾಗುತ್ತದೆ. ಅದಕ್ಕೇ ಇಲ್ಲಿ ಹಳೆಯ ನಕ್ಷೆಯನ್ನು ಯಾರೂ ನಂಬುವುದಿಲ್ಲ. ಆಗಾಗ ಹೊಸದಾಗಿ ಆಳ ಅಳೆದು, ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಟ್ಟ ಬೋಯ್‌ಗಳನ್ನು ಕಿತ್ತು ಬೇರೆ ಕಡೆ ಹಾಕುತ್ತಾರೆ. ಒಳಗೆ ಹೋಗುವಾಗ ಕೆಂಪು ಬೋಯ್ ಎಡಕ್ಕೆ, ಹಸಿರು ಬಲಕ್ಕೆ.

ಈಗ ನೀವು ಕೇಳಿದ ಲೆಕ್ಕ. ದೋಣಿಯ ತಳ ನೀರೊಳಗೆ 1.2 ಮೀಟರ್ ಇಳಿದಿರುತ್ತದೆ. ಅಲೆ ಏರಿಳಿತಕ್ಕೆ 0.3, ಧೈರ್ಯಕ್ಕೆ 0.5 ಸೇರಿಸುತ್ತೇವೆ. ಒಟ್ಟು 2 ಮೀಟರ್ ನೀರು ಬೇಕೇ ಬೇಕು. ನಕ್ಷೆಯಲ್ಲಿ ಅಳಿವೆಯ ಆಳ 0.5 ಅಂತ ಬರೆದಿದೆ ಅಂದುಕೊಳ್ಳಿ. ನಕ್ಷೆಯ ಆಳ ಅಂದರೆ ನೀರು ಅತೀ ಕೆಳಗೆ ಇಳಿದಾಗ ಉಳಿಯುವ ಆಳ. ಇನ್ನು 1.5 ಮೀಟರನ್ನು ಉಬ್ಬರ ಕೊಡಬೇಕು. ಇಳಿತದಿಂದ ಉಬ್ಬರಕ್ಕೆ ಹೆಚ್ಚುಕಡಿಮೆ ಆರು ಗಂಟೆ. ನೀರು ಒಂದೇ ಸಮ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆ ಒಂದು ಪಾಲು, ಎರಡನೇ ಗಂಟೆ ಎರಡು, ಮೂರು ಮತ್ತು ನಾಲ್ಕನೇ ಗಂಟೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಏರಿಕೆ 3 ಮೀಟರ್ ಇದ್ದರೆ ಮೂರು ಗಂಟೆಯಲ್ಲಿ ಒಂದೂವರೆ ಮೀಟರ್ ಬಂದಿರುತ್ತದೆ. ಆಗ ಒಳಗೆ ಹೊರಡಬಹುದು. ಗಾಳಿಯ ಒತ್ತಡವನ್ನೂ ನೋಡುತ್ತಾರೆ. ಅದು ಮಾಮೂಲಿಗಿಂತ 20 ಮಿಲಿಬಾರ್ ಹೆಚ್ಚಿದ್ದರೆ ನೀರು ಉಬ್ಬರದ ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಸುಮಾರು 20 ಸೆಂಟಿಮೀಟರ್ ಕಡಿಮೆ ಇರುತ್ತದೆ. ಈ ಪುಟ್ಟ ಲೆಕ್ಕ ನನಗೆ ತುಂಬಾ ಇಷ್ಟವಾಯಿತು.

ಅಮ್ಮ, ಗೋಡೆಯ ಕ್ಯಾಲೆಂಡರಿನಲ್ಲಿ ನೀನು ಅಮಾವಾಸ್ಯೆ, ಹುಣ್ಣಿಮೆ ನೋಡುತ್ತೀಯಲ್ಲ. ಅದು ಕಳೆದ ಒಂದೆರಡು ದಿನಕ್ಕೆ ಇಲ್ಲಿ ಉಬ್ಬರ ಅತಿ ಎತ್ತರ, ಇಳಿತ ಅತಿ ಕೆಳಗೆ. ಆಗ ಅಳಿವೆಯ ಸೆಳೆತವೂ ಬಲು ಜೋರು.

ಏರುವ ನೀರಿನಲ್ಲೇ ಒಳಗೆ ಹೋಗಬೇಕು. ತಳ ತಾಗಿದರೂ ಸ್ವಲ್ಪ ಹೊತ್ತಿಗೆ ನೀರೇ ಎತ್ತಿಬಿಡುತ್ತದೆ. ಇಳಿಯುವ ನೀರಿನಲ್ಲಿ ಸಿಕ್ಕಿಕೊಂಡರೆ ದೋಣಿ ವಾಲಿ ಮಲಗುತ್ತದೆ, ಮುಂದಿನ ಉಬ್ಬರದವರೆಗೆ ಅಲೆಯ ಹೊಡೆತ ತಿನ್ನುತ್ತದೆ. ದೊಡ್ಡ ಉಬ್ಬರದ ತುದಿಯಲ್ಲಿ ಸಿಕ್ಕಿಕೊಂಡರೆ ಇನ್ನೂ ಕೆಟ್ಟದ್ದು. ಮುಂದಿನ ಉಬ್ಬರಗಳು ದಿನದಿನಕ್ಕೂ ತಗ್ಗುತ್ತಾ ಹೋಗುತ್ತವೆ. ಅಷ್ಟೇ ನೀರು ಮತ್ತೆ ಬರಲು ಎರಡು ವಾರ ಕಾಯಬೇಕಾಗಬಹುದು.

ಹೋದ ಭಾನುವಾರ ನಾವು ಬೇಗ ಬಂದುಬಿಟ್ಟೆವು. ಹೊರಗಿನ ಕೆಂಪು ಬಿಳಿ ಪಟ್ಟೆಯ ಬೋಯ್ ಹತ್ತಿರ ಹಾಯಿ ತಗ್ಗಿಸಿ ಅತ್ತಿಂದಿತ್ತ ಓಡಾಡುತ್ತಾ ಇದ್ದೆವು. ಹಿರಿಯರು ಚಹಾ ಕಾಯಿಸಿದರು. ಅವಸರ ಅನ್ನುವುದೇ ಅವರಲ್ಲಿಲ್ಲ. ಹೊತ್ತಾದ ಮೇಲೆ ಎಂಜಿನ್ ಶುರು ಮಾಡಿ, ಹಾಯಿಯನ್ನೂ ಬಿಚ್ಚಿಟ್ಟುಕೊಂಡು, ಲಂಗರನ್ನು ಕೈಗೆ ಸಿಗುವ ಹಾಗೆ ಇಟ್ಟು ಹೊರಟೆವು. ಎಂಜಿನ್ ನಿಂತರೆ ಹಾಯಿ, ಎರಡೂ ಕೈಕೊಟ್ಟರೆ ಲಂಗರು.

ಆಳ ಹೇಳುವ ಕೆಲಸ ನನ್ನದು. ಯಂತ್ರ ಪರದೆಯ ಮೇಲೆ ಅಂಕಿ ತೋರಿಸುತ್ತದೆ, ನಾನು ಗಟ್ಟಿಯಾಗಿ ಓದುತ್ತಿದ್ದೆ. ಮೂರು. ಎರಡೂ ಮುಕ್ಕಾಲು. ಎರಡೂವರೆ. ಆ ಯಂತ್ರ ದೋಣಿಯ ಅಡಿಯಲ್ಲಿ ಏನಿದೆ ಅಂತಷ್ಟೇ ಹೇಳುತ್ತದೆ, ಮುಂದೆ ಏನಿದೆ ಅಂತ ಹೇಳುವುದಿಲ್ಲ. ಮುಂದಿನದಕ್ಕೆ ಕಣ್ಣೇ ಬೇಕು. ಅಲೆ ಎಲ್ಲಿ ಮುರಿದು ನೊರೆಯಾಗುತ್ತದೋ ಅಲ್ಲಿ ದಿಬ್ಬ. ಸೆಳೆತ ಅಡ್ಡಡ್ಡ ಎಳೆಯುತ್ತದೆ, ದೋಣಿಯ ಮೂತಿ ಒಂದು ಕಡೆ ಇದ್ದರೆ ಹೋಗುವುದು ಇನ್ನೊಂದು ಕಡೆ. ಅದಕ್ಕೆ ಹಿಂದಿನ ಬೋಯನ್ನೂ ತಿರುಗಿ ತಿರುಗಿ ನೋಡಿಕೊಳ್ಳಬೇಕು. ಹಿಂದಿನ ಕಾಲದವರು ಸೀಸದ ಗುಂಡಿನ ತಳಕ್ಕೆ ಕೊಬ್ಬು ಮೆತ್ತಿ ಹಗ್ಗದಲ್ಲಿ ಇಳಿಸುತ್ತಿದ್ದರಂತೆ. ಅದಕ್ಕೆ ಅಂಟಿ ಬಂದದ್ದು ಮರಳೋ ಕೆಸರೋ ನೋಡಿ ಎಲ್ಲಿದ್ದೇವೆ ಅಂತ ತಿಳಿಯುತ್ತಿದ್ದರು. ಎಂಥಾ ಬುದ್ಧಿ ಅಲ್ವಾ!

ಕೊನೆಯ ತಿರುವು ದಾಟುತ್ತಿದ್ದಂತೆ ಉಬ್ಬರ ನಮ್ಮನ್ನು ಒಳಕ್ಕೆ ಸೆಳೆದುಕೊಂಡಿತು. ಅಷ್ಟೇ, ಮುಗಿಯಿತು. ದಡದ ಮನೆಗಳು ಸರಸರ ಹಿಂದೆ ಹೋದವು.

ಅಮ್ಮ, ಗಾಳಿ ಸಮುದ್ರದ ಕಡೆಯಿಂದ ಜೋರಾಗಿ ಬೀಸಿ, ಅದಕ್ಕೆ ಎದುರಾಗಿ ಇಳಿತದ ನೀರು ಹೊರಗೆ ಬರುತ್ತಿದ್ದರೆ ಅಲೆ ಕಡಿದಾಗಿ ಎದ್ದು ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ನಾವು ಹತ್ತಿರವೂ ಸುಳಿಯುವುದಿಲ್ಲ. ಪಕ್ಕದ ಹಾರ್ವಿಚ್‌ನಲ್ಲಿ ಯಾವಾಗಲೂ ಆಳ ನೀರು, ದೊಡ್ಡ ಹಡಗುಗಳೇ ಬರುತ್ತವೆ. ಅಲ್ಲಿಗೆ ಹೋಗಿ ಮಲಗುತ್ತೇವೆ. ನಾನು ಲೈಫ್ ಜಾಕೆಟ್ ತೆಗೆಯುವುದೇ ಇಲ್ಲ.

ಅಪ್ಪ, ಇದನ್ನೆಲ್ಲ ಕಲಿಯುವಾಗ ನನಗೆ ಮಂಗಳೂರಿನ ಅಳಿವೆಯ ಚಿಂತೆ ಹತ್ತಿದೆ. ಹೇಮಾವತಿ ನಮ್ಮ ಕಡೆಯಿಂದ ಪೂರ್ವಕ್ಕೆ ಗೊರೂರಿಗೆ ಹೋಗುತ್ತಾಳೆ. ಚಾರ್ಮಾಡಿ ಇಳಿದ ನೀರು ಮಾತ್ರ ನೇತ್ರಾವತಿ ಸೇರಿ ಬೆಂಗ್ರೆ ಹತ್ತಿರ ಸಮುದ್ರಕ್ಕೆ ಬೀಳುತ್ತದೆ. 2019ರ ಆಗಸ್ಟ್‌ನಲ್ಲಿ ಘಾಟಿಯ ಗುಡ್ಡಗಳು ಕುಸಿದದ್ದು ನೆನಪಿದೆಯಲ್ಲ. ಆ ಮಣ್ಣು ಮಳೆಯ ಜೊತೆ ಕೆಳಕ್ಕೇ ಹೋಗಬೇಕು. ನದಿ ಹೊತ್ತು ತಂದ ಹೂಳು, ಅಲೆ ತಂದ ಮರಳು, ಎರಡೂ ಆ ಬಾಯಲ್ಲೇ ಕೂರುತ್ತವೆ. ಅಲ್ಲಿ ಉಬ್ಬರ ಏರುವುದು ಇಲ್ಲಿಯ ಅರ್ಧದಷ್ಟೂ ಇಲ್ಲ, ಕಾದು ಗಳಿಸುವ ನೀರು ಕಡಿಮೆ. ಮೀನುಗಾರರಿಗೆ ಕಾಯುವಷ್ಟು ಪುರುಸೊತ್ತೂ ಇಲ್ಲ, ತಂದ ಮೀನು ಕೆಡುತ್ತದೆ. ನಾವು ಗುಡ್ಡ ಅಗೆದು ರಸ್ತೆ ಮಾಡುವಾಗ ಅವರ ನೆನಪು ಯಾರಿಗೂ ಬರುವುದಿಲ್ಲ. ನನಗಂತೂ ಇದು ಬೇಜಾರಿನ ವಿಷಯ.

ದೊಡ್ಡಪ್ಪ ಧರ್ಮಸ್ಥಳಕ್ಕೆ ಹೋಗುವಾಗ ನೀವೂ ಜೊತೆಗೆ ಹೋಗಿ, ಒಂದು ದಿನ ಜಾಸ್ತಿ ಇದ್ದು ಮಂಗಳೂರಿನಲ್ಲಿ ಮೀನಿನ ದೋಣಿಗಳು ನಿಲ್ಲುವ ದಕ್ಕೆಗೆ ಹೋಗಿ ಬನ್ನಿ. ಯಾಂತ್ರಿಕ ದೋಣಿಗಳಿಗೆ ಜೂನ್, ಜುಲೈ ರಜೆ, ಅದಾದ ಮೇಲೆ ಹೋದರೆ ಒಳ್ಳೆಯದು. ಹೂಳು ಯಾವ ಕಡೆ ಕೂರುತ್ತದೆ, ಯಾವ ಹೊತ್ತಿಗೆ ಒಳಗೆ ಬರುತ್ತೀರಿ ಅಂತ ದೋಣಿಯವರನ್ನು ಕೇಳಿ. ಅವರು ಹೇಳಿದ ಹಾಗೇ ಬರೆದು ಕಳಿಸಿ, ಹಿರಿಯರಿಗೂ ಓದಿ ಹೇಳುತ್ತೇನೆ.

ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಸಿದಿರಾ? ಈ ತಿಂಗಳು ಎಷ್ಟು ಇಂಚು ಮಳೆಯಾಯಿತು? ಅಜ್ಜಿಯ ಮಂಡಿನೋವಿನ ಮಾತ್ರೆ ಮುಗಿಯುವ ಮುಂಚೆ ಮೂಡಿಗೆರೆಯಿಂದ ತರಿಸಿ.

ಇಂತಿ ನಿಮ್ಮ ಪ್ರೀತಿಯ ಮಗ